ಅಕ್ಕಿ ಡಬ್ಬಿಯಲ್ಲಿದ್ದ ತೋಟೆಗಳು

2015ರ ಆಗಸ್ಟ್ 30, ಭಾನುವಾರ. ಪುಣೆಯ ಕೋಥರೂಡಿನ ನಮ್ಮ ಮನೆಯಲ್ಲಿ ದೋಸೆ ಕಾವಲಿ ಆಗಷ್ಟೇ ಒಲೆಗೇರಿತ್ತು. ಧಾರವಾಡದಲ್ಲಿರುವ ಗೆಳೆಯನ ಫೋನ್ ಬಂತು. "ಕಲಬುರ್ಗಿ ಸರ್‌ಗೆ ಗುಂಡು ಹೊಡದಾರಪಾ, ಮನ್ಯಾಗ" ಅಂದ. "ಯಾವ ಕಲಬುರ್ಗಿ?" ಅಂತ ಕೇಳಿದೆ. ಯಾವ ಕಲಬುರ್ಗಿ ಎಂದು ನನಗೆ ಗೊತ್ತಿತ್ತು, ವಚನ ಸಂಶೋಧಕ ಎಂ.ಎಂ. ಕಲಬುರ್ಗಿ. ಕೇಳಿದರೆ ಬೇರೆ ಯಾರದೋ ಹೆಸರು ಬಂದೀತೆಂಬ ಆಸೆಯಿಂದ ಕೇಳಿದ್ದು.

ಎರಡು ವರ್ಷದ ಹಿಂದೆ ಇದೇ ಆಗಸ್ಟಿನಲ್ಲಿ, 20ನೇ ತಾರೀಕು, ಪುಣೆಯ ಓಂಕಾರೇಶ್ವರ ದೇವಸ್ಥಾನದ ಹತ್ತಿರದ ಸೇತುವೆಯ ಮೇಲೆ, ಮೂಢನಂಬಿಕೆಗಳ ವಿರುದ್ಧ ಹೋರಾಡುತ್ತಿದ್ದ ಡಾ. ನರೇಂದ್ರ ದಾಭೋಲ್ಕರ್ ಅವರನ್ನು ಬೆಳಗಿನ ವಾಕಿಂಗ್ ಹೊತ್ತಿನಲ್ಲಿ ಕೊಂದಿದ್ದರು. 2015ರ ಫೆಬ್ರವರಿಯಲ್ಲಿ ಕೊಲ್ಹಾಪುರದಲ್ಲಿ ಕಮ್ಯುನಿಸ್ಟ್ ನಾಯಕ ಗೋವಿಂದ ಪಾನ್ಸರೆ. ಈಗ ಧಾರವಾಡದ ಕಲ್ಯಾಣನಗರ. ಎಲ್ಲ ಕಡೆಯೂ ಬೈಕಿನ ಮೇಲೆ ಬಂದವರೇ. ಆ ಸೇತುವೆಗೆ ಮಹರ್ಷಿ ವಿಠ್ಠಲ ರಾಮಜಿ ಶಿಂದೆಯವರ ಹೆಸರಿದೆ. ಅಸ್ಪೃಶ್ಯತೆಯ ವಿರುದ್ಧ ಬದುಕಿಡೀ ದುಡಿದ ಶಿಂದೆಯವರು ಹುಟ್ಟಿದ್ದು ನಮ್ಮ ಜಮಖಂಡಿಯಲ್ಲಿ. ಪುಣೆಗೆ ಬಂದ ಹೊಸತರಲ್ಲಿ ಆ ಹೆಸರು ಓದಿ ನಮ್ಮೂರಿನವರು ಯಾರೋ ಸಿಕ್ಕಂತೆ ಹಿಗ್ಗಿದ್ದೆ. 2013ರ ನಂತರ ಆ ಸೇತುವೆ ದಾಟುವಾಗ ಕಣ್ಣು ಕಟ್ಟೆಯ ಕಡೆಗೇ ಹೋಗುತ್ತದೆ.

ಆ ಭಾನುವಾರ ಮಧ್ಯಾಹ್ನ ನಾವು ಏಳೆಂಟು ಮಂದಿ ಎರಂಡವಣೆಯ ಮಾಸ್ತರರ ಮನೆಯಲ್ಲಿ ಸೇರಿದೆವು. ಯಾರೂ ಕರೆದಿರಲಿಲ್ಲ, ಒಬ್ಬೊಬ್ಬರಾಗಿ ಬಂದರು. ಪುಣೆಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಸ್ತರರು ಧಾರವಾಡದ ವಿಶ್ವವಿದ್ಯಾಲಯದಲ್ಲಿ ಕಲಬುರ್ಗಿಯವರ ವಿದ್ಯಾರ್ಥಿಯಾಗಿದ್ದವರು. ಅವರು ಟಿವಿ ಹಾಕಿರಲಿಲ್ಲ. ಕೈಯಲ್ಲಿ ಒಂದು ಹಳೆಯ ನೋಟ್‌ಬುಕ್ ಹಿಡಿದು ಕೂತಿದ್ದರು, ತೆರೆದಿರಲಿಲ್ಲ.

"ಸರ್ ಮನಿ ಬಾಗಲಾ ಯಾರಿಗೂ ಮುಚ್ಚಿದ್ದಿಲ್ರೀ. ಹುಡುಗೋರು ಬಂದು ನಿಂತ್ರ, ಒಳಗ ಬಾ ಅಂತಿದ್ರು. ಇವರಿಗೂ ಹಂಗ ತೆಗದಾರ" ಅಂದರು.

ಹಿಂಜೆವಾಡಿಯಲ್ಲಿ ಕೆಲಸ ಮಾಡುವ ದಾವಣಗೆರೆಯ ಹುಡುಗನೊಬ್ಬ ಇದ್ದ. ಅವನಿಗೆ ತಡೆಯಲಾಗಲಿಲ್ಲ. "ಇಂಥವರನ್ನ ಹಿಡಿದು ಚೌಕದಲ್ಲಿ ನೇಣು ಹಾಕ್ಬೇಕು ಸರ್. ಒಂದು ತಿಂಗಳೊಳಗೆ. ಆವಾಗ ಇನ್ನೊಬ್ಬ ಬಂದೂಕು ಮುಟ್ಟಲ್ಲ." ಬಹಳ ಮಂದಿ ತಲೆಯಾಡಿಸಿದರು. ನಾನೂ ಆಡಿಸಿದೆ. ಆ ಮನೆಯಲ್ಲಿ ಆ ಹೊತ್ತಿಗೆ ಬೇರೆ ಮಾತು ಹೊರಡುವುದು ಕಷ್ಟವಿತ್ತು.

ವಿಜಯಪುರದ ಕಡೆಯ, ಬ್ಯಾಂಕಿನಲ್ಲಿದ್ದ ಮೇಡಂ ಒಬ್ಬರೇ ಕೇಳಿದ್ದು: "ಹೋದ ತಿಂಗಳು ಒಬ್ಬನ್ನ ಗಲ್ಲಿಗೆ ಹಾಕಿದ್ರಲ್ಲ, ಈ ತಿಂಗಳು ಇದು ನಿಂತೇನ್ರೀ?"

ಅವರು ಹೇಳಿದ್ದು ಯಾಕೂಬ್ ಮೆಮನ್ ವಿಷಯ. ಸರಿಯಾಗಿ ಒಂದು ತಿಂಗಳ ಹಿಂದೆ, ಜುಲೈ 30ರ ಬೆಳಿಗ್ಗೆ, ನಾಗಪುರದ ಜೈಲಿನಲ್ಲಿ ಗಲ್ಲಾಗಿತ್ತು. 257 ಮಂದಿಯನ್ನು ಬಲಿ ತೆಗೆದುಕೊಂಡ 1993ರ ಮುಂಬೈ ಸ್ಫೋಟದ ಪ್ರಕರಣ. ಆ ರಾತ್ರಿ ಸುಪ್ರೀಂ ಕೋರ್ಟು ನಸುಕಿನ ಮೂರು ಗಂಟೆಗೆ ಬಾಗಿಲು ತೆರೆದು ಕೊನೆಯ ಅರ್ಜಿ ಕೇಳಿ ತಳ್ಳಿಹಾಕಿತ್ತು. ಮೇಡಂ ಮಾತಿಗೆ ಹುಡುಗ ಸಿಟ್ಟಾದ. "ಇಪ್ಪತ್ತೆರಡು ವರ್ಷ ತಗೊಂಡರೆ ಯಾರು ಹೆದರ್ತಾರೆ ಮೇಡಂ?"

ಅವನ ಸಿಟ್ಟು ನನಗೆ ಪರಿಚಯದ್ದು. 2012ರ ನವೆಂಬರ್ 21ರಂದು ಕಸಬ್‌ನನ್ನು ನಮ್ಮೂರಿನದೇ ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಎಲ್ಲ ಮುಗಿದ ಮೇಲೆಯೇ ಟಿವಿಯಲ್ಲಿ ಸುದ್ದಿ ಬಂತು. ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು ಪೇಢೆಯ ಡಬ್ಬಿ ಹಿಡಿದು ಮೇಜಿನಿಂದ ಮೇಜಿಗೆ ಬಂದರು. ನಾನು ಒಂದು ತೆಗೆದುಕೊಂಡು ತಿಂದೆ. 2008ರ ಮುಂಬೈ ದಾಳಿಯಲ್ಲಿ ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ಸತ್ತವರ ಫೋಟೋಗಳು ನೆನಪಿದ್ದವು, ತಿನ್ನದಿರುವುದು ದ್ರೋಹ ಅನ್ನಿಸಿತು. ಅವನಿಗಾಗಿ ಒಂದು ತೊಟ್ಟು ಕಣ್ಣೀರೂ ನನ್ನಲ್ಲಿ ಇರಲಿಲ್ಲ, ಇವತ್ತೂ ಇಲ್ಲ. ಆದರೆ ಆ ಪೇಢೆ ಗಂಟಲಲ್ಲಿ ಇಳಿದದ್ದು ನನಗಿನ್ನೂ ನೆನಪಿದೆ. ಆ ದಿನ ಬೆಳಗಿನಿಂದ ಒಮ್ಮೆಯೂ ತುಕಾರಾಮ್ ಓಂಬ್ಳೆಯವರ ಹೆಸರನ್ನು ನಾವು ಯಾರೂ ಎತ್ತಲಿಲ್ಲ. ಗಿರಗಾಂವ್ ಚೌಪಾಟಿಯಲ್ಲಿ ಕೈಯಲ್ಲೊಂದು ಲಾಠಿ ಮಾತ್ರ ಇದ್ದ ಆ ಎಎಸ್‌ಐ ಎಕೆ–47ರ ನಳಿಗೆಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದರು. ಗುಂಡುಗಳೆಲ್ಲ ಅವರ ಮೈಗೇ ಹೋದವು. ಕಸಬ್ ಜೀವಂತ ಸಿಕ್ಕಿದ್ದು, ವಿಚಾರಣೆ ಅಂತ ಒಂದು ನಡೆದದ್ದು, ಆ ಹಿಡಿತದಿಂದ. ಹಂಚುವುದೇ ಆಗಿದ್ದರೆ ಅವರ ಹೆಸರಿನಲ್ಲಿ ಹಂಚಬೇಕಿತ್ತು.

ಮಾಸ್ತರರ ಮನೆಯ ಆ ಮಧ್ಯಾಹ್ನಕ್ಕೆ ಮರಳುತ್ತೇನೆ. ಅಲ್ಲಿ ಶಿವಾಜಿನಗರದ ಕಡೆ ಹೋಟೆಲು ನಡೆಸುವ ಶೆಟ್ಟರೂ ಇದ್ದರು. ಅಷ್ಟು ಹೊತ್ತು ಬಾಯಿ ತೆರೆದಿರಲಿಲ್ಲ.

ಶೆಟ್ಟರ ಭಾವ, ಅಂದರೆ ಅವರ ಅಕ್ಕನ ಗಂಡ, ಮುಂಬೈಯಲ್ಲಿ ಹೋಟೆಲು ಇಟ್ಟಿದ್ದವರು. ತೊಂಬತ್ತರ ದಶಕದ ಮುಂಬೈಯಲ್ಲಿ ನಮ್ಮ ಕರಾವಳಿಯ ಹೋಟೆಲಿನವರು ಹೇಗೆ ಬದುಕಿದರು ಎನ್ನುವುದನ್ನು ಅಲ್ಲಿದ್ದವರು ಬಲ್ಲರು. ಫೋನು ಬರುತ್ತಿತ್ತು, ಮೊತ್ತ ಹೇಳುತ್ತಿದ್ದರು. ಲಕ್ಷಕ್ಕೆ ಪೇಟಿ, ಕೋಟಿಗೆ ಖೋಖಾ. ಕೊಟ್ಟವರು ಕೊಟ್ಟರು, ಕೆಲವರು ಊರಿಗೆ ಓಡಿದರು. ಭಾವ ಎರಡನ್ನೂ ಮಾಡಲಿಲ್ಲ. ಒಂದು ರಾತ್ರಿ ಗಲ್ಲೆ ಮುಚ್ಚುವ ಹೊತ್ತಿಗೆ ಇಬ್ಬರು ಬಂದು ಚಹಾ ಕುಡಿದರು, ದುಡ್ಡು ಕೊಡುವ ನೆವದಲ್ಲಿ ಕೌಂಟರಿಗೆ ಬಂದು ಹೊಡೆದರು. ಚಹಾದ ಲೋಟಗಳನ್ನು ಪೊಲೀಸರು ಬರುವ ಮೊದಲೇ ಹುಡುಗ ತೊಳೆದುಬಿಟ್ಟಿದ್ದ. ಅಭ್ಯಾಸಬಲ, ಪಾಪ.

"ಹೊಡೆದವನು ಆರು ತಿಂಗಳಲ್ಲಿ ಎನ್‌ಕೌಂಟರಲ್ಲಿ ಸತ್ತ" ಅಂದರು ಶೆಟ್ಟರು. "ಎಲ್ಲ ಬಂದು ಅಕ್ಕನಿಗೆ ಹೇಳಿದ್ರು, ನ್ಯಾಯ ಸಿಕ್ಕಿತು ಅಂತ. ಅವಳು ಕೇಳಿದ್ದು ಒಂದೇ. ಅವನನ್ನು ಕಳಿಸಿದ್ದು ಯಾರು? ಅವನಿಗೆ ನಮ್ಮವರ ಮೇಲೆ ಏನು ದ್ವೇಷ, ಮುಖ ಕೂಡ ನೋಡಿರಲಿಲ್ಲ. ಹೇಳಬೇಕಾದವನೇ ಸತ್ತ ಮೇಲೆ ಯಾರು ಹೇಳುವುದು? ಕೇಸು ಅಲ್ಲಿಗೇ ನಿಂತಿತು."

ಮಾಸ್ತರರು ನೋಟ್‌ಬುಕ್ ಪಕ್ಕಕ್ಕಿಟ್ಟರು. ಶೆಟ್ಟರು ಮುಂದುವರಿಸಿದರು. "ಹಾಗಂತ ಗಲ್ಲು ಬೇಡ ಅಂತ ನಾನು ಹೇಳುವುದಿಲ್ಲ ಮಾರಾಯ್ರೆ. ಬೇಕು. ಆದರೆ ಕಳಿಸಿದವನಿಗೆ ಬೇಕು. ಹೊಡೆಯುವ ಹುಡುಗರು ಹತ್ತು ಸಾವಿರಕ್ಕೆ ಸಿಗ್ತಾರೆ."

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಹತ್ತು ವರ್ಷವಾಯಿತು. ಶೆಟ್ಟರು ಗಲ್ಲಿನ ಪರ, ನಾನು ಈಗ ಅದರ ವಿರುದ್ಧ. ಆದರೆ ನಾನು ವಿರುದ್ಧವಾದದ್ದಕ್ಕೆ ಅವರಕ್ಕನ ಪ್ರಶ್ನೆಯೇ ಮೂಲ. ಗುಂಡು ಹೊಡೆದವನ ಕುತ್ತಿಗೆಗೆ ಹಗ್ಗ ಬಿದ್ದಕೂಡಲೇ ನಮಗೆ ವಿಷಯ ಮುಗಿಯುತ್ತದೆ. ಪತ್ರಿಕೆಗೆ, ಪೊಲೀಸರಿಗೆ, ಆಳುವವರಿಗೂ ಮುಗಿಯುತ್ತದೆ. ಬಂದೂಕು ಎಲ್ಲಿಂದ ಬಂತು, ದುಡ್ಡು ಯಾರದು, ಮಾತು ಯಾರದು, ಇದನ್ನೆಲ್ಲ ಆಮೇಲೆ ಕೇಳುವವರು ಸತ್ತವರ ಮನೆಯವರು ಮಾತ್ರ. 2024ರಲ್ಲಿ ಬದ್ಲಾಪುರದ ಶಾಲಾ ಬಾಲಕಿಯರ ಮೇಲಿನ ಲೈಂಗಿಕ ದೌರ್ಜನ್ಯ ಪ್ರಕರಣದ ಆರೋಪಿ ಪೊಲೀಸ್ ವ್ಯಾನಿನೊಳಗೆ ಗುಂಡು ತಿಂದು ಸತ್ತಾಗಲೂ ಕೆಲವೆಡೆ ಸಿಹಿ ಹಂಚಿದರು. ಮುಂದೆ ಮ್ಯಾಜಿಸ್ಟ್ರೇಟರ ವಿಚಾರಣಾ ವರದಿ ಐವರು ಪೊಲೀಸರನ್ನು ಹೊಣೆ ಮಾಡಿತು. ಅಷ್ಟರಲ್ಲಿ ಸಿಹಿ ಜೀರ್ಣವಾಗಿತ್ತು.

ಕಲಬುರ್ಗಿಯವರ ಹತ್ಯೆಯ ಮರುದಿನವೇ, ಆಗಸ್ಟ್ 31ರಂದು, ಕಾನೂನು ಆಯೋಗ ತನ್ನ 262ನೇ ವರದಿಯನ್ನು ಸರ್ಕಾರಕ್ಕೆ ಕೊಟ್ಟಿತು. ಭಯೋತ್ಪಾದನೆ ಮತ್ತು ದೇಶದ ವಿರುದ್ಧದ ಯುದ್ಧ ಬಿಟ್ಟು ಉಳಿದೆಲ್ಲಕ್ಕೂ ಮರಣದಂಡನೆ ತೆಗೆಯಿರಿ, ಜೀವಾವಧಿಗಿಂತ ಅದು ಹೆಚ್ಚು ಹೆದರಿಕೆ ಹುಟ್ಟಿಸುತ್ತದೆ ಎನ್ನಲು ಆಧಾರ ಇಲ್ಲ ಎಂಬುದು ಅದರ ಸಾರ. ನಮ್ಮ ಊರೆಲ್ಲ ಹಗ್ಗ ಕೇಳುತ್ತಿದ್ದ ಆ ವಾರದಲ್ಲಿ ಅದನ್ನು ಯಾರು ಓದಬೇಕು? ನಾನು ಓದಿದ್ದು ಎಷ್ಟೋ ತಿಂಗಳ ಮೇಲೆ.

1980ರ ಬಚ್ಚನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಮರಣದಂಡನೆಯನ್ನು ಎತ್ತಿಹಿಡಿಯಿತು, ಜೊತೆಗೆ 'ಅಪರೂಪದಲ್ಲಿ ಅಪರೂಪ'ದ ಪ್ರಕರಣಕ್ಕೆ ಮಾತ್ರ ಎಂದು ಗೆರೆ ಎಳೆಯಿತು. ಯಾವುದು ಅಪರೂಪ ಎಂದು ಅಳೆಯುವ ಕೋಲು ಮಾತ್ರ ಒಬ್ಬೊಬ್ಬ ನ್ಯಾಯಾಧೀಶರ ಕೈಯಲ್ಲಿ ಒಂದೊಂದು ಉದ್ದದ್ದು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮರಣದಂಡನೆಗೆ ಗುರಿಯಾದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಆರ್ಥಿಕವಾಗಿ ದುರ್ಬಲರು. ಒಳ್ಳೆಯ ವಕೀಲರನ್ನು ಇಟ್ಟುಕೊಳ್ಳಲು ಅವರಲ್ಲಿ ಎಷ್ಟು ಜನರಿಗೆ ಆದೀತು? ಕಳಿಸಿದವರಿಗೆ ಬೇಕು ಅಂದರಲ್ಲ ಶೆಟ್ಟರು, ಹಗ್ಗ ಅವರ ತನಕ ಏರುವುದೇ ಇಲ್ಲ.

ಅದಕ್ಕೂ ದೊಡ್ಡ ಪೆಟ್ಟು ನನಗೆ ಬಿದ್ದದ್ದು 2025ರ ಜುಲೈಯಲ್ಲಿ. 2006ರ ಜುಲೈ 11ರ ಸಂಜೆ ಮುಂಬೈಯ ಪಶ್ಚಿಮ ಮಾರ್ಗದ ಲೋಕಲ್ ರೈಲುಗಳಲ್ಲಿ ಏಳು ಬಾಂಬು ಸಿಡಿದು 180ಕ್ಕೂ ಹೆಚ್ಚು ಜನ ಸತ್ತಿದ್ದರು. ಆ ಪ್ರಕರಣದಲ್ಲಿ 2015ರ ಸೆಪ್ಟೆಂಬರ್ 30ರಂದು, ಅಂದರೆ ನಾವು ಮಾಸ್ತರರ ಮನೆಯಲ್ಲಿ ಕೂತಿದ್ದ ದಿನಕ್ಕೆ ಸರಿಯಾಗಿ ತಿಂಗಳ ಮೇಲೆ, ವಿಶೇಷ ನ್ಯಾಯಾಲಯ ಐವರಿಗೆ ಗಲ್ಲು, ಏಳು ಮಂದಿಗೆ ಜೀವಾವಧಿ ಕೊಟ್ಟಿತು. 2025ರ ಜುಲೈ 21ರಂದು ಬಾಂಬೆ ಹೈಕೋರ್ಟು ಹನ್ನೆರಡೂ ಮಂದಿಯನ್ನು ಖುಲಾಸೆ ಮಾಡಿತು. ಆರೋಪ ಸಾಬೀತು ಮಾಡುವಲ್ಲಿ ಪ್ರಾಸಿಕ್ಯೂಷನ್ ಸಂಪೂರ್ಣ ವಿಫಲವಾಗಿದೆ ಎಂದಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿದೆ. ಬೇರೆ ಪ್ರಕರಣಗಳಿಗೆ ಈ ತೀರ್ಪನ್ನು ಆಧಾರ ಮಾಡಬಾರದೆಂದು ಅಲ್ಲಿ ತಡೆ ಸಿಕ್ಕಿದೆ, ಬಿಡುಗಡೆಯಾದವರು ಹೊರಗೇ ಇದ್ದಾರೆ. ಗಲ್ಲು ಶಿಕ್ಷೆಯಾಗಿದ್ದ ಐವರಲ್ಲಿ ಒಬ್ಬ 2021ರಲ್ಲೇ ಜೈಲಿನಲ್ಲಿ ತೀರಿಕೊಂಡ. ಖುಲಾಸೆಯ ಸುದ್ದಿ ಅವನಿಗೆ ತಲುಪುವಂತಿಲ್ಲ.

ದಾವಣಗೆರೆಯ ಆ ಹುಡುಗ ಕೇಳಿದಂತೆ ಒಂದು ತಿಂಗಳೊಳಗೆ ಚೌಕದಲ್ಲಿ ಎಲ್ಲ ಮುಗಿಸಿದ್ದರೆ ಏನಾಗುತ್ತಿತ್ತು ಅಂತ ಯೋಚಿಸುತ್ತೇನೆ. ಹತ್ತೊಂಬತ್ತು ವರ್ಷ ಹಿಡಿದದ್ದು ಸರಿ ಎಂದು ಹೇಳುತ್ತಿಲ್ಲ, ಅದು ಇನ್ನೊಂದು ಅನ್ಯಾಯ. ಆದರೆ ಆ ವಿಳಂಬದಿಂದಾಗಿಯೇ ಗಲ್ಲು ಶಿಕ್ಷೆಯಾಗಿದ್ದ ನಾಲ್ಕು ಮಂದಿ ಖುಲಾಸೆಯ ತೀರ್ಪು ಬರುವ ತನಕ ಜೀವಂತ ಉಳಿದರು.

ಇನ್ನು ಬಂದೂಕಿನ ವಿಷಯ. ಇದನ್ನು ಬರೆಯಬೇಕೆಂದೇ ಈ ಬರಹ ಶುರು ಮಾಡಿದ್ದು.

ನಾನು ಶಿರಸಿ ಕಡೆಯವನು. ನಮ್ಮ ಮನೆಯಲ್ಲಿ ಕೋವಿ ಇತ್ತು. 12 ಬೋರಿನ ಒಂಟಿ ನಳಿಗೆಯ ತೋಟೆ ಕೋವಿ, ಬೆಳೆ ರಕ್ಷಣೆಗೆ ಕೊಟ್ಟ ಲೈಸೆನ್ಸು. ಮೆತ್ತಿನ ಮೇಲೆ, ಅಡಿಕೆ ಚೀಲಗಳ ಹಿಂದಿನ ಗೋಡೆಗೆ ಎರಡು ಗೂಟ ಹೊಡೆದು ಮಲಗಿಸಿಟ್ಟಿರುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಅಪ್ಪಯ್ಯ ಅದನ್ನು ಜಗುಲಿಗೆ ತಂದು, ನಳಿಗೆ ಮುರಿದು, ಸರಳಿಗೆ ಹಳೇ ಪಂಚೆಯ ತುಂಡು ಸುತ್ತಿ, ಹೊಲಿಗೆ ಮಷಿನ್ನಿನ ಎಣ್ಣೆ ಹಾಕಿ ಒರೆಸುತ್ತಿದ್ದರು. ನಾನು ನಳಿಗೆಯ ಒಂದು ತುದಿಗೆ ಕಣ್ಣಿಟ್ಟು ಆಕಾಶ ನೋಡುತ್ತಿದ್ದೆ, ದುಂಡಗೆ ನಾಲ್ಕಾಣೆ ಗಾತ್ರದಲ್ಲಿ ಕಾಣುತ್ತಿತ್ತು. ಕುದುರೆ ಮುಟ್ಟಿದರೆ ಮಾತ್ರ ಬೆನ್ನಿಗೆ ಗುದ್ದು. (ನಮ್ಮಲ್ಲಿ ಕುದುರೆ ಎಂದರೆ ಕೋವಿಯ ಒಂದು ಭಾಗ. ಮುಂಬೈಯ ಗಲ್ಲಿಗಳಲ್ಲಿ ಇಡೀ ಪಿಸ್ತೂಲಿಗೇ ಘೋಡಾ ಅನ್ನುತ್ತಾರೆಂದು ಶೆಟ್ಟರು ಹೇಳಿ ಗೊತ್ತಾಯಿತು.)

ಆ ಕೋವಿಗೆ ಒಂದು ನಂಬರಿತ್ತು. ಲೈಸೆನ್ಸಿನ ಪುಸ್ತಕ ಅಪ್ಪಯ್ಯನ ಕಪಾಟಿನಲ್ಲಿ ಜಮೀನಿನ ಕಾಗದಗಳ ಜೊತೆಗೇ ಇರುತ್ತಿತ್ತು. ವರ್ಷಕ್ಕೆ ಎಷ್ಟು ತೋಟೆ ಕೊಳ್ಳಬಹುದೆಂದು ಅದರಲ್ಲಿ ಬರೆದಿತ್ತು, ಕೊಂಡಾಗ ಅಂಗಡಿಯವರು ದಾಖಲು ಮಾಡುತ್ತಿದ್ದರು. ನವೀಕರಣ ಬಂದರೆ ಅಪ್ಪಯ್ಯ ಘಟ್ಟ ಇಳಿದು ಕಾರವಾರಕ್ಕೆ ಹೋಗುತ್ತಿದ್ದರು. ಚುನಾವಣೆ ಬಂತೆಂದರೆ ಕೋವಿಯನ್ನು ಗೋಣಿ ಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದು ಠಾಣೆಯಲ್ಲಿಟ್ಟು, ರಸೀದಿ ತರಬೇಕು. ಪಂಚಾಯಿತಿ, ವಿಧಾನಸಭೆ, ಲೋಕಸಭೆ, ಒಂದಾದ ಮೇಲೆ ಒಂದು. ಮಂಗಗಳಿಗೆ ಅದು ಹೇಗೋ ಗೊತ್ತಾಗುತ್ತದೆ, ಆ ತಿಂಗಳೇ ತೋಟಕ್ಕೆ ನುಗ್ಗುತ್ತವೆ ಎಂದು ಊರಿನವರೆಲ್ಲ ಗೊಣಗುತ್ತಿದ್ದರು. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಲೈಸೆನ್ಸಿನ ವಿನಾಯಿತಿ ಇದೆ. ನಮಗೆ ಹಾಗೇನೂ ಇರಲಿಲ್ಲ.

ಕೋವಿ ಮೆತ್ತಿನ ಮೇಲಿದ್ದರೂ ತೋಟೆಗಳು ಕೆಳಗೆ, ಅಡುಗೆಮನೆಯಲ್ಲಿ, ಆಯಿಯ ಅಕ್ಕಿ ಡಬ್ಬಿಯೊಳಗಿರುತ್ತಿದ್ದವು. ಕೆಂಪು ಮೈ, ಹಿತ್ತಾಳೆ ತಳ. ಬಟ್ಟೆಯಲ್ಲಿ ಗಂಟು ಕಟ್ಟಿ ಅಕ್ಕಿಯ ನಡುವೆ ಹುಗಿದಿಡುತ್ತಿದ್ದಳು. ಮಳೆಗಾಲದಲ್ಲಿ ಥಂಡಿ ಹಿಡಿಯುತ್ತದೆ, ಅಕ್ಕಿಯಲ್ಲಿದ್ದರೆ ಒಣಗಿರುತ್ತದೆ ಎಂಬುದು ಅವಳ ಕಾರಣ. ಬೇಸಿಗೆಯಲ್ಲೂ ಅಲ್ಲೇ ಇರುತ್ತಿದ್ದವು.

ನಾನು ಆರನೆಯ ಇಯತ್ತೆಯಲ್ಲಿದ್ದ ವರ್ಷ, ಫೆಬ್ರವರಿ ಕೊನೆ. ತೋಟಕ್ಕೆ ಹಳ್ಳದ ನೀರು ತಿರುಗಿಸುವ ಸರದಿಯಲ್ಲಿ ಅಪ್ಪಯ್ಯನಿಗೂ ಚಿಕ್ಕಪ್ಪನಿಗೂ ಜಗಳವಾಯಿತು. ಹಾರೆ ಹಿಡಿದು ನಿಂತಿದ್ದ ಚಿಕ್ಕಪ್ಪ ಏನೋ ಒಂದು ಮಾತು ಆಡಿದ, ಸತ್ತ ಅಜ್ಜನ ಬಗ್ಗೆ. ಅಪ್ಪಯ್ಯ ತಿರುಗಿ ಮನೆಗೆ ಬಂದವರೇ ಏಣಿ ಹತ್ತಿ ಕೋವಿ ಇಳಿಸಿದರು. ಅವರ ಮುಖ ಹಾಗಿದ್ದದ್ದನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು "ತೋಟೆ ಎಲ್ಲಿದ್ದು?" ಅಂದರು. ಆಯಿ ಒಲೆ ಮುಂದಿಂದ ಏಳಲೇ ಇಲ್ಲ. "ಅಕ್ಕಿ ಡಬ್ಬಿಲಿದ್ದು. ಬೇಕಾರೆ ಹುಡ್ಕಿ ತಗಳಿ" ಅಂದಳು.

ಅಪ್ಪಯ್ಯ ಡಬ್ಬಿಯ ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಇಳಿಸಿದರು. ಗಂಟು ಸಿಗಲಿಲ್ಲ. ಅಕ್ಕಿ ನೆಲಕ್ಕೆ ಚೆಲ್ಲಿತು. ಇನ್ನೊಮ್ಮೆ ಇಳಿಸಿದರು. ಆಮೇಲೆ ಕೈ ಹಾಗೇ ಅಕ್ಕಿಯೊಳಗೆ ಬಿಟ್ಟು ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. ಎಷ್ಟು ಹೊತ್ತೋ. ಕೈ ತೆಗೆದಾಗ ಮೊಣಕೈವರೆಗೂ ತೌಡು ಮೆತ್ತಿಕೊಂಡಿತ್ತು. ಬಚ್ಚಲಿಗೆ ಹೋಗಿ ತೊಳೆದುಕೊಂಡು ಬಂದು, ಚೆಲ್ಲಿದ ಅಕ್ಕಿಯನ್ನು ತಾವೇ ಬಳಿದು ಡಬ್ಬಿಗೆ ಹಾಕಿದರು.

ಚಿಕ್ಕಪ್ಪನ ಜೊತೆ ಎರಡು ವರ್ಷ ಮಾತು ನಿಂತಿತ್ತು. ಆಮೇಲೆ ಒಂದು ಮದುವೆಯಲ್ಲಿ ಶುರುವಾಯಿತು. 2018ರ ಏಪ್ರಿಲಿನಲ್ಲಿ ಅಪ್ಪಯ್ಯ ಹೋದಾಗ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ಚಿಕ್ಕಪ್ಪನೇ ಮೊದಲಿಗ.

ಅವತ್ತು ಗಂಟು ಮೊದಲ ಸಲಕ್ಕೇ ಕೈಗೆ ಸಿಕ್ಕಿದ್ದರೆ ನಾನು ಕೊಲೆಗಾರನ ಮಗನಾಗಿರುತ್ತಿದ್ದೆ. ಕೋರ್ಟಿನಲ್ಲಿ ಅಪ್ಪಯ್ಯನ ಬಗ್ಗೆ ಏನು ಹೇಳುತ್ತಿದ್ದರೋ. ಸ್ವಂತ ತಮ್ಮನನ್ನು, ಅವನ ಮಕ್ಕಳ ಕಣ್ಣೆದುರಿಗೆ, ಒಂದು ಹಂಡೆ ನೀರಿಗಾಗಿ. ಪೇಪರಿನಲ್ಲಿ ಓದಿದವರು ಗಲ್ಲಿಗೆ ಹಾಕಿ ಅನ್ನುತ್ತಿದ್ದರು. ನನಗೆ ಗೊತ್ತಿದ್ದ ಅಪ್ಪಯ್ಯ, ಚೆಲ್ಲಿದ ಅಕ್ಕಿ ಬಳಿದ ಅಪ್ಪಯ್ಯ, ಆ ಸುದ್ದಿಯೊಳಗೆ ಎಲ್ಲೂ ಇರುತ್ತಿರಲಿಲ್ಲ. ಮೆತ್ತಿನ ಏಣಿ ಇಳಿಯುವಾಗ ಅವರ ತಲೆಯಲ್ಲಿ ಗಲ್ಲಿನ ಹೆದರಿಕೆ ಇತ್ತೇ? ಒಂದು ಚೂರೂ ಇರಲಿಲ್ಲ, ಅವರೇ ಮುಂದೊಮ್ಮೆ ಹೇಳಿದ್ದಾರೆ. ಅವರನ್ನು ತಡೆದದ್ದು ಹತ್ತು ಸೇರು ಅಕ್ಕಿ.

ಆದ್ದರಿಂದ 2024ರ ಫೆಬ್ರವರಿಯ ಆ ಒಂದು ವಾರದ ಸುದ್ದಿ ಓದುವಾಗ ನನಗೆ ಆ ಡಬ್ಬಿಯೇ ಕಣ್ಣಿಗೆ ಕಟ್ಟಿತು. 2ನೇ ತಾರೀಕು ಉಲ್ಹಾಸನಗರದಲ್ಲಿ, ಪೊಲೀಸ್ ಠಾಣೆಯ ಒಳಗೆ, ಇನ್‌ಸ್ಪೆಕ್ಟರ ಕೊಠಡಿಯಲ್ಲೇ, ಜಾಗದ ಜಗಳದಲ್ಲಿ ಶಾಸಕರೊಬ್ಬರು ಇನ್ನೊಬ್ಬ ಮುಖಂಡನಿಗೆ ಗುಂಡು ಹೊಡೆದ ಆರೋಪ. ಗಾಯಗೊಂಡವರು ಬದುಕಿದರು. 8ನೇ ತಾರೀಕು ಬೊರಿವಲಿಯಲ್ಲಿ ಮಾಜಿ ನಗರಸೇವಕ ಅಭಿಷೇಕ್ ಘೋಸಾಲ್ಕರ್ ಫೇಸ್‌ಬುಕ್ ಲೈವಿನಲ್ಲಿ ಮಾತು ಮುಗಿಸಿ ಏಳುವಾಗ ಗುಂಡು. ಪಕ್ಕದಲ್ಲಿ ಕೂತಿದ್ದವನೇ ಹೊಡೆದು, ಆಮೇಲೆ ತಾನೂ ಹೊಡೆದುಕೊಂಡ. ಪಿಸ್ತೂಲು ಅವನ ಅಂಗರಕ್ಷಕನ ಹೆಸರಿನ ಲೈಸೆನ್ಸಿನದು ಎಂದು ಪೊಲೀಸರು ಹೇಳಿದರು. ಬೊರಿವಲಿ, ದಹಿಸರ್ ನಮ್ಮವರು ತುಂಬಿರುವ ಜಾಗ. ಆ ವೀಡಿಯೊ ಅದೇ ರಾತ್ರಿ ಹತ್ತು ಕಡೆಯಿಂದ ನನ್ನ ಫೋನಿಗೆ ಬಂತು. ನೋಡಲಿಲ್ಲ. ಅದಕ್ಕೂ ಹಿಂದಿನ ವರ್ಷ, 2023ರ ಜುಲೈ 31ರ ಬೆಳಗಿನ ಜಾವ, ಜೈಪುರ–ಮುಂಬೈ ರೈಲಿನಲ್ಲಿ ಕಾವಲಿಗಿದ್ದ ಆರ್‌ಪಿಎಫ್ ಪೇದೆಯೊಬ್ಬ ತನ್ನ ಮೇಲಧಿಕಾರಿಯನ್ನೂ ಮೂವರು ಪ್ರಯಾಣಿಕರನ್ನೂ ಸರ್ಕಾರಿ ಬಂದೂಕಿನಿಂದ ಕೊಂದ ಆರೋಪ ಹೊತ್ತಿದ್ದಾನೆ. ತಾನೇ ಗುಂಡು ಹೊಡೆದುಕೊಂಡು ಸಾಯುವವನಿಗೆ, ಕ್ಯಾಮೆರಾ ಇರುವ ಠಾಣೆಯೊಳಗೇ ಹೊಡೆಯುವ ಕೈಗೆ ಯಾವ ಗಲ್ಲಿನ ಹೆದರಿಕೆ?

ನಮ್ಮ ಸಂಸತ್ತು ಇದನ್ನೊಮ್ಮೆ ಮಾಡಿ ನೋಡಿತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 1988ರಲ್ಲಿ ಒಂದು ತಿದ್ದುಪಡಿ ತಂದು, ನಿಷೇಧಿತ ಆಯುಧ ಬಳಸಿ ಸಾವು ತಂದರೆ ಮರಣದಂಡನೆಯೇ, ಬೇರೆ ಶಿಕ್ಷೆ ಇಲ್ಲ ಎಂದು ಬರೆಯಿತು. 2012ರಲ್ಲಿ ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧ ಎಂದು ಹೊಡೆದುಹಾಕಿತು. ಆ ಇಪ್ಪತ್ತನಾಲ್ಕು ವರ್ಷದಲ್ಲೇ ಮುಂಬೈಯಲ್ಲಿ ಶೆಟ್ಟರ ಭಾವನಂಥವರು ಸತ್ತದ್ದು. 2019ರಲ್ಲಿ ಮತ್ತೆ ತಿದ್ದಿ, ಒಬ್ಬರಿಗೆ ಮೂರು ಬಂದೂಕು ಇದ್ದದ್ದನ್ನು ಎರಡಕ್ಕೆ ಇಳಿಸಿದರು, ಕಳ್ಳ ತಯಾರಿಕೆಯ ಶಿಕ್ಷೆ ಹೆಚ್ಚಿಸಿದರು. ಒಳ್ಳೆಯದೇ. ಆದರೆ ಲೈಸೆನ್ಸಿನ ಪುಸ್ತಕ ಹಿಡಿದು ಕಾರವಾರಕ್ಕೆ ಹೋಗುವವರ ಮೇಲೆ ಬಿಗಿ ಮಾಡುವುದು ಸುಲಭ, ಅವರ ವಿಳಾಸ ಸರ್ಕಾರದ ಹತ್ತಿರ ಇದೆ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೇ 2017ರಲ್ಲಿ ಮಾಡಿದ ಅಂದಾಜಿನಲ್ಲಿ ಭಾರತದ ನಾಗರಿಕರ ಕೈಯಲ್ಲಿ 7 ಕೋಟಿಗೂ ಹೆಚ್ಚು ಬಂದೂಕುಗಳಿವೆ. ಅದರಲ್ಲಿ ನೋಂದಣಿಯಾದವು ಒಂದು ಕೋಟಿಗೂ ಕಡಿಮೆ.

ಉಳಿದವು ನಂಬರಿಲ್ಲದವು. ಪುಣೆಯ ಮರಾಠಿ ಪೇಪರುಗಳು ಅದಕ್ಕೆ 'ಗಾವಠಿ ಕಟ್ಟಾ', ಅಂದರೆ ನಾಡಪಿಸ್ತೂಲು ಅನ್ನುತ್ತವೆ. ಬಿಹಾರದ ಮುಂಗೇರ್, ಮಧ್ಯಪ್ರದೇಶದ ಗಡಿಯ ಉಮರ್ಟಿ, ಈ ಹೆಸರುಗಳು ಇಲ್ಲಿನ ಅಪರಾಧ ಸುದ್ದಿಯಲ್ಲಿ ಬರುತ್ತಲೇ ಇರುತ್ತವೆ. ತಲೆಮಾರಿನಿಂದ ಕತ್ತಿ, ಬಂದೂಕು ಮಾಡಿ ಬದುಕಿದ ಕುಟುಂಬಗಳ ಕಸುಬು ಅಲ್ಲಿ ಕಳ್ಳ ವ್ಯಾಪಾರಕ್ಕೆ ತಿರುಗಿದೆ. ಅವರಿಗೆ ಬೇರೆ ಕೆಲಸ ಕೊಡದೆ ಕುಲುಮೆ ಒಡೆಯುವುದರಿಂದ ಕುಲುಮೆ ಇನ್ನೊಂದು ಹಳ್ಳಕ್ಕೆ ಹೋಗುತ್ತದೆ ಅಷ್ಟೇ.

ದಾಭೋಲ್ಕರ್, ಪಾನ್ಸರೆ, ಕಲಬುರ್ಗಿ, ಗೌರಿ. ನಾಲ್ಕೂ ಕಡೆ ಬಳಕೆಯಾದದ್ದು 7.65 ಮಿ.ಮೀ. ನಾಡಪಿಸ್ತೂಲು. ಕಲಬುರ್ಗಿಯವರನ್ನು ಕೊಂದ ಪಿಸ್ತೂಲಿನಿಂದಲೇ ಗೌರಿ ಲಂಕೇಶರನ್ನೂ ಕೊಂದರು ಎಂಬುದು ವಿಧಿವಿಜ್ಞಾನ ಪರೀಕ್ಷೆಯನ್ನು ಆಧರಿಸಿ ಕರ್ನಾಟಕದ ವಿಶೇಷ ತನಿಖಾ ತಂಡ ಕೋರ್ಟಿಗೆ ಹೇಳಿದ ಮಾತು. 2015ರ ಆಗಸ್ಟ್ 30ರಿಂದ 2017ರ ಸೆಪ್ಟೆಂಬರ್ 5ರವರೆಗೆ, ಎರಡು ವರ್ಷ, ಆ ಒಂದು ಪಿಸ್ತೂಲು ಎಲ್ಲೋ ಇತ್ತು. ಯಾವುದೋ ಮನೆಯಲ್ಲಿ, ಬಟ್ಟೆಯಲ್ಲಿ ಸುತ್ತಿ, ಎಣ್ಣೆ ಹಾಕಿ. ನಾವು ಎಲ್ಲ ಹಗ್ಗದ ಬಗ್ಗೆ ಮಾತಾಡುತ್ತಿದ್ದ ಎರಡು ವರ್ಷ. ಯಾರಾದರೂ ಆ ಪಿಸ್ತೂಲನ್ನು ಹುಡುಕುವ ಹಟ ಹಿಡಿದಿದ್ದರೆ ಗೌರಿ ಆ ಸಂಜೆ ಬಾಗಿಲ ಬೀಗ ತೆಗೆದು ಒಳಗೆ ಹೋಗಿರುತ್ತಿದ್ದರು.

ದಾಭೋಲ್ಕರ್ ಪ್ರಕರಣದಲ್ಲಿ 2014ರಲ್ಲಿ ಮೊದಲು ಹಿಡಿದದ್ದು ಶಸ್ತ್ರ ಮಾರುತ್ತಿದ್ದರೆನ್ನಲಾದ ಇಬ್ಬರನ್ನು. ಗಡುವಿನೊಳಗೆ ಆರೋಪಪಟ್ಟಿ ಹಾಕಲಾಗದೆ ಅವರಿಗೆ ಜಾಮೀನು ಸಿಕ್ಕಿತು. ಮುಂದೆ ಆರೋಪಿಯೊಬ್ಬ, ಪಿಸ್ತೂಲುಗಳನ್ನು ಬಿಚ್ಚಿ ಥಾಣೆಯ ಖಾರೆಗಾಂವ್ ಖಾಡಿಗೆ (ಸಮುದ್ರದ ಹಿನ್ನೀರಿಗೆ) ಎಸೆದೆ ಎಂದನಂತೆ. ಸಿಬಿಐ ವಿದೇಶಿ ಮುಳುಗುಗಾರರನ್ನು ಕರೆಸಿ ಕೆಸರು ಜಾಲಾಡಿಸಿತು. 2024ರ ಮೇ 10ರಂದು ಪುಣೆಯ ವಿಶೇಷ ನ್ಯಾಯಾಲಯ ಗುಂಡು ಹೊಡೆದ ಇಬ್ಬರಿಗೆ ಜೀವಾವಧಿ ಕೊಟ್ಟು ಮೂವರನ್ನು ಬಿಟ್ಟಿತು. ಸೂತ್ರಧಾರರು ಬೇರೆಯವರು, ಅವರನ್ನು ಪತ್ತೆ ಮಾಡಲು ತನಿಖೆಯವರಿಗೆ ಆಗಿಲ್ಲ ಎಂದು ಕೋರ್ಟೇ ಹೇಳಿತು. ಹತ್ತಿರ ಹತ್ತಿರ ಹನ್ನೊಂದು ವರ್ಷ ಕಳೆದು, ಶೆಟ್ಟರ ಅಕ್ಕ ಕೇಳಿದ ಮಾತೇ ತೀರ್ಪಿನಲ್ಲಿ.

ಆಸ್ಟ್ರೇಲಿಯಾದ ಪೋರ್ಟ್ ಆರ್ಥರಿನಲ್ಲಿ 1996ರಲ್ಲಿ ಒಬ್ಬ 35 ಮಂದಿಯನ್ನು ಕೊಂದಾಗ ಆ ದೇಶದಲ್ಲಿ ಗಲ್ಲಿರಲಿಲ್ಲ. ಸರ್ಕಾರ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ದುಡ್ಡು ಕೊಟ್ಟು ವಾಪಸ್ ಪಡೆದು ನಾಶ ಮಾಡಿತು. ನ್ಯೂಜಿಲೆಂಡಿನಲ್ಲಿ 2019ರಲ್ಲಿ 51 ಮಂದಿ ಸತ್ತ ಮೇಲೆ ಕೆಲವೇ ವಾರದಲ್ಲಿ ಕಾನೂನು ಬದಲಾಯಿತು, ಕೊಂದವನು ಸಾಯುವತನಕ ಜೈಲಿನಲ್ಲಿರುತ್ತಾನೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಮರಣದಂಡನೆ ಇದೆ, ಜನರಿಗಿಂತ ಬಂದೂಕುಗಳ ಸಂಖ್ಯೆ ಹೆಚ್ಚಿದೆ, ಅಲ್ಲಿಯ ಶಾಲೆಗಳ ಸುದ್ದಿ ನಾವು ಓದುತ್ತಲೇ ಇದ್ದೇವೆ. ನಮ್ಮ ದೇಶದ ಸಮಸ್ಯೆ ಈ ಮೂರರಂತೆಯೂ ಇಲ್ಲ. ನಮ್ಮಲ್ಲಿ ವಾಪಸ್ ಪಡೆಯಲು ಮೊದಲು ಪುಸ್ತಕದಲ್ಲಿ ಬರೆದಿರಬೇಕಲ್ಲ.

ಅಪ್ಪಯ್ಯ ತೀರಿಕೊಂಡಾಗ ಮೇ ತಿಂಗಳ ವಿಧಾನಸಭೆ ಚುನಾವಣೆಗಾಗಿ ಕೋವಿ ಠಾಣೆಯಲ್ಲಿತ್ತು. ಕ್ರಿಯೆಗಳೆಲ್ಲ ಮುಗಿದ ಮೇಲೆ ನಾನು ರಸೀದಿ ಹಿಡಿದು ಹೋದೆ. ಮಗನ ಹೆಸರಿಗೆ ಅರ್ಜಿ ಹಾಕಬಹುದು ಅಂದರು. ಬೇಡ, ಒಪ್ಪಿಸುತ್ತೇನೆ ಅಂದೆ. ಪೇದೆ ರಿಜಿಸ್ಟರ್ ತೆಗೆದು, ನಳಿಗೆಯ ಮೇಲಿನ ನಂಬರನ್ನು ಟಾರ್ಚ್ ಹಾಕಿ ಓದಿ, ಒಂದೊಂದೇ ಅಂಕಿ ಹೇಳುತ್ತ ಬರೆದುಕೊಂಡ. ಮುಂದಿನ ಸಾಲಿನಲ್ಲಿ ತೋಟೆ ಎಷ್ಟು ಉಳಿದಿವೆ ಎಂದು ಕೇಳಿದ. ಮನೆಗೆ ಬಂದು ಆಯಿಯನ್ನು ಕೇಳಿದರೆ, ಅವಳು ಅಕ್ಕಿ ಡಬ್ಬಿಗೆ ಕೈ ಹಾಕಿ ಒಂದೇ ಸಲಕ್ಕೆ ಗಂಟು ತೆಗೆದುಕೊಟ್ಟಳು. ನಾಲ್ಕು ಇದ್ದವು.

ಹೋದ ವಾರ ಶೆಟ್ಟರ ಹೋಟೆಲಿಗೆ ಹೋಗಿದ್ದೆ. ಈಗ ಎಪ್ಪತ್ತರ ಹತ್ತಿರ, ಗಲ್ಲೆಯ ಮೇಲೆ ಮಗ ಕೂರುತ್ತಾನೆ, ಇವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿರುತ್ತಾರೆ. ಮಾಸ್ತರರು ಧಾರವಾಡಕ್ಕೆ ಮರಳಿ ವರ್ಷಗಳಾದವು, ಅಲ್ಲಿಯ ಕೋರ್ಟಿನಲ್ಲಿ ಕಲಬುರ್ಗಿಯವರ ಪ್ರಕರಣ ಇನ್ನೂ ನಡೆಯುತ್ತಿದೆ. ಮಾತು ರೈಲು ಸ್ಫೋಟದ ಖುಲಾಸೆಗೆ ಬಂತು. ನೋಡಿ ಶೆಟ್ರೆ, ಗಲ್ಲಾಗಿಬಿಟ್ಟಿದ್ದರೆ ಏನು ಮಾಡಬೇಕಿತ್ತು ಅಂದೆ.

"ನೀವು ಹೇಳುವುದು ಸರಿಯೇ ಹೆಗಡೇರೆ" ಅಂದರು. "ಆದರೆ ಇವರಲ್ಲ ಅಂತಾದರೆ ಆ ರೈಲಿನಲ್ಲಿದ್ದವರನ್ನು ಕೊಂದದ್ದು ಯಾರು? ಅದನ್ನು ಯಾರಾದರೂ ಹೇಳ್ತಾರಾ?"

ಕಾಫಿ ಬಂತು. ಅವರು ಲೋಟವನ್ನು ನನ್ನ ಕಡೆ ಸರಿಸಿದರು. "ಚೌತಿಗೆ ಅಕ್ಕ ಬರ್ತಾಳೆ ಮುಂಬೈಯಿಂದ. ಮನೆಗೆ ಬನ್ನಿ, ಪತ್ರೊಡೆ ಮಾಡ್ತಾರೆ. ಈ ವಿಷಯ ಮಾತ್ರ ನೀವಾಗಿ ತೆಗೀಬೇಡಿ. ಅವಳೇ ತೆಗೆದರೆ ಕೂತು ಕೇಳಿ."